ದೊಡ್ಡ ಕಲ್ಲು, ಸಣ್ಣ ಕಲ್ಲು ಮತ್ತು ನಮ್ಮ ಭಾವ

ಈವತ್ತು ಬೆಳಗ್ಗೆ ಹಾಲು ಕರೆದೆ, ರೇಷ್ಮೆ ಹುಳುವಿಗೆ ಸೊಪ್ಪು ಹಾಕಿದೆ, ಹೆಸರುಕಾಳು ನೆನೆಸಿದೆ, ಅಕ್ಕನ ತಲೆ ಬಾಚಿದೆ, ಆಮೇಲೆ ಅಂಗಳದಲ್ಲಿ ಎರಡು ಸುತ್ತು ಕ್ಷುದ್ರಗ್ರಹವಾದೆ. ನಗಬೇಡಿ! ನಮ್ಮ ಭಾವ ಇರುವ ಮನೆಯಲ್ಲಿ ಅದೂ ಮನೆಗೆಲಸವೇ.

ಕೊಟ್ಟಿಗೆಯಲ್ಲಿ ಜಾರಿ ಅಕ್ಕ ಕಾಲು ಮುರಿದುಕೊಂಡಾಗ ನಾನು ಮಾಗಡಿಯಿಂದ ಸಾತನೂರಿಗೆ ಬಂದವಳು. ಪ್ಲಾಸ್ಟರ್ ಬಿಚ್ಚಿ ತಿಂಗಳಾಯಿತು. ಬಚ್ಚಲಿಗೂ ನನ್ನ ಹೆಗಲ ಮೇಲೆ ಕೈ ಹಾಕಿ ಒಂಟಿಕಾಲಲ್ಲೇ ಬರುತ್ತಾಳೆ. ನಡೆಯದಿದ್ದರೆ ಕಾಲು ಸೆಟೆದುಕೊಳ್ಳುತ್ತದೆ ಎಂದು ಡಾಕ್ಟರು ಹೆದರಿಸಿದರು. ಅವಳಿಗೆ ಬೀಳುವ ಹೆದರಿಕೆಯೇ ದೊಡ್ಡದು.

ಭಾವ ಹಾರೋಹಳ್ಳಿಯ ಹೊಸ ಫ್ಯಾಕ್ಟರಿಯೊಂದರ ಗೇಟು ಕಾಯುತ್ತಾರೆ. ಗೇಟಿಗಿಂತ ಹೆಚ್ಚಾಗಿ ಪೇಪರನ್ನು ಕಾಯುತ್ತಾರೆ ಎನ್ನಿ! ಹೋದ ವಾರ ಅದರಲ್ಲೊಂದು ಸುದ್ದಿ ಬಂತು. ಭೂಮಿಯ ಹತ್ತಿರ ಹಾದುಹೋಗುವ ಕ್ಷುದ್ರಗ್ರಹವೊಂದು ಒಂಟಿಯಲ್ಲ, ಜೋಡಿ ಕಲ್ಲಂತೆ. ಸಣ್ಣದು ದೊಡ್ಡದನ್ನು ಸುತ್ತುತ್ತಲೇ ಹೋಗುತ್ತದಂತೆ.

"ಎಷ್ಟು ಹತ್ತಿರ?" ಜಗುಲಿಯ ಮಂಚದಿಂದ ಅಕ್ಕ ಕೇಳಿದಳು.

"ಚಂದ್ರನಿಗಿಂತ ಒಸಿ ಆಚೆ."

"ಅದು ಹತ್ತಿರಾನಾ? ಹಂಗಾದ್ರೆ ನೀವೂ ಒಲೆಗೆ ಬಲು ಹತ್ತಿರ ಬುಡಿ!"

ಭಾವ ಸುಮ್ಮನಿರುವವರೇ? ಜೋಡಿ ಹೇಗೆ ಸುತ್ತುತ್ತದೆಂದು ತೋರಿಸಲು ಹಾಲಿನ ಡೈರಿಗೆ ಹೋಗಿ, ಅಲ್ಲಿಯ ಸೆಕ್ರೆಟರಿಯನ್ನೇ ದೊಡ್ಡ ಕಲ್ಲು ಮಾಡಿ, ಅವನ ಎರಡೂ ಕೈ ಹಿಡಿದು ಗಿರಗಿರನೆ ತಿರುಗಿದರು. ಸೆಕ್ರೆಟರಿ ನರಪೇತಲ. ಹಾಲಿನ ಕ್ಯಾನಿನ ಮೇಲೆ ಹೋಗಿ ಬಿದ್ದ.

"ಬುಡ್ಲಾ, ನಿನ್ ಕಲ್ಲಿಗಿಷ್ಟು!" ಎಂದು ಬಿದ್ದಲ್ಲಿಂದಲೇ ಕೂಗಿದ.

"ದೊಡ್ಡ ಕಲ್ಲೇ ಹಾರೋಗ್ಬುಟ್ರೆ ಹೆಂಗ್ಲಾ?" ಎಂದು ಭಾವ ಅವನನ್ನೇ ಬೈದು ಬಂದರು.

ಈವತ್ತು ನನ್ನ ಸರದಿ. ಎರಡು ಸುತ್ತಿಗೇ ನಾನು ಹುಲ್ಲಿನ ಮೆದೆ ಸೇರಿದೆ. ಅಕ್ಕ ಹೊಟ್ಟೆ ಹಿಡಿದು ನಕ್ಕಳು.

"ನೀನೂ ಹಗುರ ಕಣವ್ವ," ಎಂದು ಭಾವ ಮಂಚದ ಕಡೆ ತಿರುಗಿದರು. "ಈ ಊರಲ್ಲಿ ನನಗಿಂತ ತೂಕದೋಳು ನೀನೊಬ್ಬಳೇ ಕಣೇ. ಏಳು."

ಅಕ್ಕನ ನಗು ನಿಂತಿತು. "ಬಿದ್ರೆ?"

"ದೊಡ್ಡ ಕಲ್ಲು ಬೀಳಾಕಿಲ್ಲ. ನೀನು ಸುಮ್ನೆ ನಿಂತ್ಕ. ಸುತ್ತೋ ಕೆಲ್ಸ ನಂದು."

ಅವಳು ಅವರ ಕೈ ಹಿಡಿದು ಎದ್ದಳು. ಭಾವ ತುಂಬಿದ ಬಿಂದಿಗೆ ಹೊತ್ತವರಂತೆ ಮೆಲ್ಲಗೆ ಸುತ್ತತೊಡಗಿದರು. ಕೈ ಬಿಡದಿರಬೇಕಾದರೆ ಅವಳೂ ತಿರುಗಲೇಬೇಕಲ್ಲ? ಒಂದು ಹೆಜ್ಜೆ ಒಳ್ಳೆಯ ಕಾಲು. ಇನ್ನೊಂದು, ಆ ಕಾಲು!

"ನಿಂತಿದ್ರೆ ಸಾಕು ಅಂದ್ರಲ್ಲ!"

"ದೊಡ್ಡದೂ ಒಸಿ ತಿರುಗ್ತದೆ. ಪೇಪರ್ನಲ್ಲೇ ಬರ್ದವ್ರೆ," ಎಂದರು ಭಾವ. ಅವರ ಕಣ್ಣು ಮಾತ್ರ ಅವಳ ಕಾಲಿನ ಮೇಲೇ ಇತ್ತು.

ಮಧ್ಯಾಹ್ನ ಮುದ್ದೆ, ಹೆಸರುಕಾಳಿನ ಉಪ್ಸಾರು. ಮೊದಲು ನಿದ್ದೆ ಹೋದವರು ಭಾವ, ಗೋಡೆಗೆ ಒರಗಿದಲ್ಲೇ. ಕಿಟಕಿಯಿಂದ ಅವರ ಮುಖಕ್ಕೆ ಬಿಸಿಲು ಬೀಳುತ್ತಿತ್ತು. ನಾನು ಎದ್ದು ಹೋಗುವಷ್ಟರಲ್ಲಿ ಅಕ್ಕ ಗೋಡೆ ಹಿಡಿದುಕೊಂಡು ಹೋಗಿ ಕಿಟಕಿ ಮುಚ್ಚಿದಳು.