ವಸಡಿನ ರಕ್ತಕ್ಕೆ ಎಲೆ-ಅಡಿಕೆಯ ಪರದೆ

ನನ್ನ ಹಲ್ಲುಗಳ ಮೇಲೆ ನನಗೆ ಅಪಾರ ವಿಶ್ವಾಸವಿತ್ತು. ನಾವುಂದದಲ್ಲಿ ಹೆದ್ದಾರಿ ಬದಿಗೆ ಬಲೆ, ಹಗ್ಗ, ನೂಲು ಮಾರುವ ಸಣ್ಣ ಅಂಗಡಿ ನನ್ನದು. ಅಂಗಡಿಯಲ್ಲಿ ಕತ್ತರಿ ಇತ್ತು, ಆದರೆ ಬೇಕಾದಾಗ ಸಿಗುತ್ತಿರಲಿಲ್ಲ. ಹಲ್ಲು ಯಾವಾಗಲೂ ಸಿಗುತ್ತಿತ್ತು. ಗಿರಾಕಿ ಅಳತೆ ಹೇಳಿದ ಕೂಡಲೇ ನೈಲಾನ್ ನೂಲನ್ನು ಬಾಯಿಗಿಟ್ಟು ಕಚಕ್ಕನೆ ಕಡಿದು ಕೊಡುವುದು ನಮ್ಮ ಅಂಗಡಿಯ ವಿಶೇಷ ಸೇವೆ ಎಂದು ನಾನು ಭಾವಿಸಿದ್ದೆ. ಗಿರಾಕಿಗಳು ಹಾಗೆ ಭಾವಿಸಿರಲಿಲ್ಲ ಎಂದು ಈಚೆಗೆ ತಿಳಿಯಿತು.

ಒಂದು ದಿನ ಹಾಗೆ ಕಡಿದು ಕೊಟ್ಟ ಬಿಳಿ ನೂಲಿನ ತುದಿ ಕೆಂಪಾಗಿತ್ತು. ಆಗ ಹೊರಗೆ ಮಳೆ ಸುರಿಯುತ್ತಿತ್ತು ಎಂದು ಬರೆದು, ಹೊಡೆದುಹಾಕಿದೆ. ಮಳೆ ಇತ್ತೋ ಇಲ್ಲವೋ ನನಗೆ ನೆನಪಿಲ್ಲ. ಇಂಥ ಕಥೆಗಳಲ್ಲಿ ಅದು ಕರೆಯದೆ ಬಂದು ಕೂರುತ್ತದೆ. ಹೆದ್ದಾರಿ ಅಗಲ ಮಾಡಲು ಅಳತೆ ಹಿಡಿಯುವವರು ಬಂದು ಹೋಗುತ್ತಿದ್ದ ಕಾಲ ಅದು. ನೂಲು ಕೆಂಪಾದದ್ದು ಮಾತ್ರ ಖಂಡಿತ.

ಮರುದಿನ ಬೆಳಿಗ್ಗೆ ಹಲ್ಲುಜ್ಜಿ ಉಗಿದಾಗ ಬಚ್ಚಲ ಕಲ್ಲಿನ ಮೇಲೆ ಮತ್ತೆ ಕೆಂಪು. ಅದರ ಮರುದಿನವೂ.

ನನ್ನ ಅಣ್ಣ ನಲವತ್ತೊಂಬತ್ತನೇ ವರ್ಷದಲ್ಲಿ ಹೃದಯಾಘಾತವಾಗಿ ಹೋದವನು. ನನಗೆ ಆಗ ನಲವತ್ತೆಂಟು ನಡೆಯುತ್ತಿತ್ತು. ಅಣ್ಣ ಹೋದಂದಿನಿಂದ ನನ್ನ ಹೆಂಡತಿ ವನಜ ನನ್ನನ್ನು ಒಲೆಯ ಮೇಲಿಟ್ಟ ಹಾಲಿನ ಹಾಗೆ ನೋಡಿಕೊಳ್ಳುತ್ತಿದ್ದಳು. ಪ್ರೀತಿಯಿಂದಲ್ಲ, ಕಣ್ಣು ತೆಗೆದರೆ ಉಕ್ಕೀತು ಎಂಬ ಭಯದಿಂದ. ನಾನು ಮೆಟ್ಟಿಲು ಹತ್ತಿ ಏದುಸಿರು ಬಿಟ್ಟರೆ ಅವಳು ತನ್ನ ಉಸಿರು ಹಿಡಿಯುತ್ತಿದ್ದಳು. ಅಂಥವಳಿಗೆ ರಕ್ತ ತೋರಿಸುವುದೆ? ಅವಳ ನೆಮ್ಮದಿಗಾಗಿ ಮುಚ್ಚಿಟ್ಟೆ ಎಂದು ಬಹಳ ಕಾಲ ಹೇಳಿಕೊಂಡು ತಿರುಗಿದೆ. ನಾಲ್ಕು ಜನರ ಮುಂದೆ ಹೇಳಿ ಹೇಳಿ ಆ ವಾಕ್ಯ ನಯವಾಗಿದೆ, ಆದ್ದರಿಂದ ಅದನ್ನು ನಂಬಬೇಡಿ. ಹೆದರಿದವನು ನಾನು. ಹಲ್ಲು ಕ್ಲೀನ್ ಮಾಡಿಸಿದರೆ ಗಟ್ಟಿ ಹಲ್ಲೂ ಅಲುಗಾಡುತ್ತದೆ ಎಂದು ಊರಿನ ಹತ್ತು ಮಂದಿ ಹೇಳಿದ್ದರು. ಆ ಹತ್ತು ಮಂದಿಯಲ್ಲಿ ಹಲ್ಲು ಕ್ಲೀನ್ ಮಾಡಿಸಿದವರು ಒಬ್ಬರೂ ಇರಲಿಲ್ಲ ಎಂಬುದು ಬೇರೆ ಮಾತು.

ಹೀಗಾಗಿ ನಾನೇ ರೋಗವನ್ನು ಪತ್ತೆ ಹಚ್ಚಿದೆ. ಇದು ಉಷ್ಣ! ದೇಹದ ಉಷ್ಣ ತಲೆಗೇರುವ ದಾರಿಯಲ್ಲಿ ಬಾಯಲ್ಲಿ ತಂಗಿದೆ. ಎಳನೀರು ಕುಡಿದೆ, ಮಜ್ಜಿಗೆ ಕುಡಿದೆ, ಹೆಸರುಬೇಳೆ ಪಾಯಸವನ್ನು ಔಷಧಿಯೆಂಬ ಹೆಸರಿನಲ್ಲಿ ಎರಡೆರಡು ಲೋಟ ಕುಡಿದೆ. ರಕ್ತ ನಿಲ್ಲಲಿಲ್ಲ. ಆಮೇಲೆ ಒಂದು ತರ್ಕ ಹೊಳೆಯಿತು. ಉಜ್ಜಿದಾಗ ತಾನೆ ರಕ್ತ ಬರುವುದು? ಉಜ್ಜದಿದ್ದರಾಯಿತು! ರಕ್ತ ಬರುವ ಎಡಗಡೆಗೆ ಬ್ರಷ್ ಹೋಗುವುದನ್ನು ನಿಷೇಧಿಸಿದೆ. ಈಗ ಉಜ್ಜದೆಯೂ ಬರತೊಡಗಿತು.

ಎಲೆ-ಅಡಿಕೆಯ ಉಪಾಯ ಆಗ ಬಂತು. ಅದು ಹೇಗೆ ಬಂತು ಎಂಬುದಕ್ಕೆ ನನ್ನ ಬಳಿ ಎರಡು ವಿವರಣೆಗಳಿವೆ, ಎರಡರಲ್ಲೂ ನಾನು ಇದ್ದದ್ದಕ್ಕಿಂತ ಜಾಣನಾಗಿ ಕಾಣುತ್ತೇನೆ, ಎರಡನ್ನೂ ಬಿಟ್ಟಿದ್ದೇನೆ. ವಿಷಯ ಇಷ್ಟೇ. ವನಜಳ ತಾಯಿ, ಗುಲ್ವಾಡಿಯ ನನ್ನ ಅತ್ತೆ, ನಮ್ಮ ಜೊತೆಗೇ ಇದ್ದರು. ಮಧ್ಯಾಹ್ನದ ಊಟವಾದ ಮೇಲೆ ಜಗಲಿಯಲ್ಲಿ ಕಾಲು ನೀಡಿ ಕೂತು, ಹಲ್ಲಿಲ್ಲದ ಬಾಯಿಗೆ ಎಲೆ-ಅಡಿಕೆಯನ್ನು ಪುಟ್ಟ ಕಬ್ಬಿಣದ ಒರಳಲ್ಲಿ ಕುಟ್ಟಿ ಹಾಕಿಕೊಳ್ಳುತ್ತಿದ್ದರು. ಅವರು ಕೆಂಪಾಗಿ ಉಗಿದರೆ ಯಾರೂ ಡಾಕ್ಟರನ್ನು ಕರೆಯುತ್ತಿರಲಿಲ್ಲ. ನಾನೂ ಎಲೆ-ಅಡಿಕೆ ತಿಂದರೆ ನನ್ನ ಕೆಂಪಿನ ಬಗ್ಗೆಯೂ ಯಾರು ಕೇಳುತ್ತಾರೆ?

ಅತ್ತೆಗೆ ಆದ ಸಂತೋಷವನ್ನು ವರ್ಣಿಸುವುದು ಕಷ್ಟ. ಮಾವ ತೀರಿಕೊಂಡ ಮೇಲೆ ಅವರ ಎಲೆತಟ್ಟೆಯ ಎದುರಿಗೆ ಯಾರೂ ಕೂತಿರಲಿಲ್ಲ. ನನಗಾಗಿ ಎಳೆ ಎಲೆ ಆರಿಸಿ, ತೊಟ್ಟು ಮುರಿದು, ಹಿಂದಿನ ನಾರು ಕೆರೆದು ಕೊಡುವರು. ಸುಣ್ಣ ಮುಂದೆ ಮಾಡುವರು. ಸುಣ್ಣ ತಾಗಿದರೆ ವಸಡು ಬೆಂಕಿಯಾಗುತ್ತಿತ್ತು. ನಾನು ಬೆರಳನ್ನು ಸುಣ್ಣದ ಡಬ್ಬಿಯ ಹತ್ತಿರ ಒಯ್ದು ಹಾಗೇ ತಿರುಗಿಸಿಕೊಂಡು ಬರುತ್ತಿದ್ದೆ. ಯಕ್ಷಗಾನದ ವೇಷಧಾರಿಗೂ ಇಷ್ಟು ಅಭಿನಯ ಬರಲಿಕ್ಕಿಲ್ಲ ಎಂದು ನನಗೆ ಹೆಮ್ಮೆ.

ತೆಂಗಿನ ಬುಡದಲ್ಲಿ ಎರಡು ಕೆಂಪು ಉಗುಳು ಕಂಡ ವನಜ ಹೆಚ್ಚು ಮಾತಾಡಲಿಲ್ಲ. ಈ ಪ್ರಾಯದಲ್ಲಿ ಹೊಸ ಚಟ ಹಿಡಿಯುವವರನ್ನು ಇಲ್ಲೇ ಕಂಡದ್ದು ಎಂದಳು, ಒಗೆದ ಬಟ್ಟೆಯನ್ನು ಸ್ವಲ್ಪ ಜೋರಾಗಿಯೇ ಕೊಡವಿದಳು, ಅಷ್ಟೆ. ರಕ್ತದ ಮಾತೇ ಬರಲಿಲ್ಲ. ಯೋಜನೆ ಸಂಪೂರ್ಣ ಯಶಸ್ವಿ!

ಒಂದೇ ತೊಂದರೆ, ಹೊಟ್ಟೆ ಯೋಜನೆಯಲ್ಲಿ ಭಾಗವಹಿಸಲು ಒಪ್ಪಲಿಲ್ಲ. ಉಂಡ ಕೂಡಲೇ ಉಬ್ಬರ, ಬೆಳಿಗ್ಗೆ ಉರಿ. ಗಿರಾಕಿಗೆ ಹಗ್ಗ ಅಳೆಯುತ್ತಿರುವಾಗ ಅರ್ಧದಲ್ಲಿ ತುದಿಯನ್ನು ಅವನ ಕೈಗೇ ಕೊಟ್ಟು ಹಿತ್ತಲಿಗೆ ಓಡಿದ್ದುಂಟು. ವನಜ ನನ್ನನ್ನು ಊರಿನ ಡಾಕ್ಟರ ಬಳಿ ಎಳೆದುಕೊಂಡು ಹೋದಳು. ಅವರು ಹೊಟ್ಟೆ ಒತ್ತಿದರು, ಬಿ.ಪಿ. ನೋಡಿದರು, ಮತ್ತೆ ನೋಡಿದರು. ಜಾಸ್ತಿ ಇತ್ತು. ಮಾತ್ರೆ ಬಂತು, ಒಣಮೀನು ಹೋಯಿತು, ಉಪ್ಪಿನಕಾಯಿ ಹೋಯಿತು, ಗಂಜಿಯ ಉಪ್ಪೂ ಹೋಯಿತು. ಮಲ ಪರೀಕ್ಷೆಯಲ್ಲಿ ರಕ್ತದ ಅಂಶ ಕಂಡಿತು. ಎಷ್ಟು ತಿಂಗಳಿಂದ ನನ್ನ ವಸಡಿನ ರಕ್ತವನ್ನು ನಾನೇ ನುಂಗುತ್ತಿದ್ದೆನೋ, ಅವರಿಗೇನು ಗೊತ್ತು? ಹೊಟ್ಟೆಯೊಳಗೆ ಹುಣ್ಣಾಗಿದೆಯೋ ನೋಡಬೇಕು, ಕುಂದಾಪುರಕ್ಕೆ ಹೋಗಿ ಬಾಯಿಯಿಂದ ನಳಿಗೆ ಇಳಿಸಿ ಪರೀಕ್ಷೆ ಮಾಡಿಸಿ ಎಂದು ಚೀಟಿ ಬರೆದರು.

ಬಸ್ಸಿನಲ್ಲಿ ವನಜ ಚೀಟಿಯ ಚೀಲವನ್ನು ಎದೆಗೊತ್ತಿಕೊಂಡು ಕೂತಿದ್ದಳು. ಅಣ್ಣನನ್ನು ಕರೆದೊಯ್ದ ದಿನವೂ ಹೀಗೇ ಕೂತಿದ್ದಳು. ಮರವಂತೆ ಬಂದಾಗ ಹೇಳಿಬಿಡೋಣ ಎಂದುಕೊಂಡೆ. ಅವಳು ಸಮುದ್ರದ ಕಡೆ ನೋಡುತ್ತಿದ್ದಳು. ತ್ರಾಸಿಯಲ್ಲಿ ಬಾಯಿ ತೆರೆದೆ, ಕಂಡಕ್ಟರ್ ಬಂದ. ಹೆಮ್ಮಾಡಿಯಲ್ಲಿ ಅವಳೇ ಮಾತಾಡಿದಳು.

"ಹ್ವಾಯ್, ನೋವಿದ್ರೆ ಹೇಳಿ. ನಿಮ್ ಅಣ್ಣನೂ ಹೇಳ್ಲಿಲ್ಲ."

"ಎಂತ ಇಲ್ಲ ಮಾರಾಯ್ತಿ," ಎಂದೆ.

ತಲ್ಲೂರು ಕಳೆಯಿತು. ಮುಂದೆ ಕುಂದಾಪುರ. ಈ ರಸ್ತೆಯಲ್ಲಿ ಇನ್ನೂ ನಾಲ್ಕು ಊರು ಇದ್ದಿದ್ದರೂ ನಾನು ಹೇಳುತ್ತಿದ್ದೆನೆಂದು ಅನಿಸುವುದಿಲ್ಲ.

ಆಸ್ಪತ್ರೆಯಲ್ಲಿ ನನ್ನನ್ನು ಮಗ್ಗುಲಾಗಿ ಮಲಗಿಸಿದರು. ಬಾಯಿ ತೆರೆಯಲು ಹೇಳಿ ಡಾಕ್ಟರು ಟಾರ್ಚು ಬಿಟ್ಟರು. ಹೊಟ್ಟೆ ನೋಡಬೇಕಾದವರು ಬಾಯಿಯ ಬಾಗಿಲಲ್ಲೇ ನಿಂತುಬಿಟ್ಟರು. ಕೈಗವಸು ಹಾಕಿದ ಬೆರಳಿನಿಂದ ಎಡಗಡೆಯ ಒಂದು ಹಲ್ಲನ್ನು ಮುಟ್ಟಿದರು. ಅದು ಗಾಳಿಗೆ ಸಿಕ್ಕ ಕಿಟಕಿಯಂತೆ ಆಚೀಚೆ ಹೋಯಿತು. ಈ ಹಲ್ಲು ನಳಿಗೆಯ ಜೊತೆ ಒಳಗೆ ಹೋದರೆ ಹುಡುಕುವವರು ಯಾರು ಎಂದು ನರ್ಸನ್ನು ಕೇಳಿದರು. ಅವರ ಬೆರಳು ಇನ್ನೂ ನನ್ನ ಬಾಯಲ್ಲಿತ್ತು. ವನಜಳನ್ನು ಒಳಗೆ ಕರೆಸಿದರು.

"ವಸಡಿನಲ್ಲಿ ರಕ್ತ ಬರುವುದು ಯಾವಾಗಿನಿಂದಮ್ಮ?"

"ಅದ್ ಎಲಿ ಅಡ್ಕಿ ಬಣ್ಣ ಅಲ್ದಾ?" ಎಂದಳು ವನಜ.

"ಅಲ್ಲ, ರಕ್ತ."

ಅವಳು ನನ್ನನ್ನು ನೋಡಿದಳು. ಬಾಯಿ ಪೂರ್ತಿ ತೆರೆದುಕೊಂಡು ಮಲಗಿದ ಗಂಡಸು ಮುಖದಲ್ಲಿ ಯಾವ ಭಾವ ತಂದುಕೊಳ್ಳಬಹುದು? ನಾನು ಯಾವುದನ್ನೂ ತಂದುಕೊಳ್ಳಲಿಲ್ಲ.

ಮೊದಲು ಹಲ್ಲು, ಆಮೇಲೆ ಹೊಟ್ಟೆ ಎಂದು ಹಲ್ಲಿನ ಡಾಕ್ಟರ ಬಳಿ ಕಳಿಸಿದರು. ಸಣ್ಣ ಪ್ರಾಯದ ಹೆಣ್ಣುಮಗಳು. ನನ್ನ ಹಲ್ಲಿನ ಬುಡದಿಂದ ಅವರು ಕೆರೆದು ತೆಗೆದ ಕಲ್ಲನ್ನು ಕಂಡಾಗ, ಇಷ್ಟು ದಿನ ನಾನು ಹಲ್ಲೆಂದು ತಿಳಿದು ಹೆಮ್ಮೆಪಡುತ್ತಿದ್ದುದು ಅದನ್ನೇ ಇರಬೇಕು ಎನ್ನಿಸಿತು. ಅಲುಗಾಡುವ ಹಲ್ಲು ಉಳಿಯಲಿಲ್ಲ. ನನ್ನ ಕಸುಬು ಕೇಳಿ ತಿಳಿದುಕೊಂಡು, ಅವರು ನನಗೆ ಅರ್ಥವಾಗುವಂತೆ ಹೇಳಿದರು. ವಸಡು ಹಲ್ಲಿನ ಸುತ್ತ ಬಿಗಿದ ಬಲೆ. ಅದು ಕೊಳೆತು ಹರಿದರೆ ಅಲ್ಲಿ ಸೇರಿದ ರೋಗಾಣುಗಳು ಅಗಿದಾಗಲೆಲ್ಲ ರಕ್ತಕ್ಕೆ ನುಸುಳುತ್ತವೆ, ರಕ್ತನಾಳಗಳ ಒಳಗೋಡೆಯನ್ನು ಕೆರಳಿಸುತ್ತವೆ. ಉಗುಳಿನ ಜೊತೆ ನುಂಗಿದವು ಕರುಳಿಗೆ ಹೋಗಿ ಅಲ್ಲಿರುವ ಒಳ್ಳೆಯ ಜೀವಾಣುಗಳ ಸಂಸಾರವನ್ನು ಕೆಡಿಸಬಹುದು. ನಿಮ್ಮ ಬಿ.ಪಿ. ಇದರಿಂದಲೇ ಬಂತು ಎಂದು ನಾನು ಹೇಳುವುದಿಲ್ಲ, ಮಾತ್ರೆ ಬಿಡಬೇಡಿ. ಆದರೆ ಬಾಯಿ, ನಾಳ, ಕರುಳು ಎಲ್ಲ ಒಂದೇ ಮನೆ ಎಂದರು. ಉಷ್ಣ ಎಂಬ ಶಬ್ದ ಅವರ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. ಕಾದೆ.

ಎರಡು ವಾರ ಬಿಟ್ಟು ನಳಿಗೆಯೂ ಇಳಿಯಿತು. ಹೊಟ್ಟೆಯೊಳಗೆ ಸ್ವಲ್ಪ ಕೆಂಪು, ಬೇರೇನಿಲ್ಲ. ವನಜ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅತ್ತಳು. ಆಮೇಲೆ ಬಸ್ಸಿನಲ್ಲಿ ಬೇರೆ ಸೀಟು ಹಿಡಿದು ಕೂತಳು.

ಮನೆಗೆ ಬಂದು, ಇನ್ನು ಎಲೆ-ಅಡಿಕೆ ಮುಟ್ಟುವಂತಿಲ್ಲ ಎಂದು ಅತ್ತೆಗೆ ತಿಳಿಸಿದೆ. ಯಾಕೆ ತಿನ್ನಲು ಶುರು ಮಾಡಿದ್ದು ಎಂಬುದನ್ನೂ ತಲೆ ತಗ್ಗಿಸಿ ಒಪ್ಪಿಕೊಂಡೆ. ಅತ್ತೆ ಕುಟ್ಟುವುದನ್ನು ನಿಲ್ಲಿಸಲಿಲ್ಲ.

"ಅದ್ ನಂಗ್ ಎರಡ್ನೇ ದಿನವೇ ಗೊತ್ತಿತ್ತ್. ಸುಣ್ಣ ಹಾಕ್ದೆ ಎಲಿ ತಿಂದ್ರೆ ಕೆಂಪ್ ಆತಿಲ್ಲ ಅಳಿಯ. ನೀವ್ ಸುಣ್ಣ ಮುಟ್ಟಿದ್ದ್ ನಾ ಕಂಡದ್ದೇ ಇಲ್ಲ."

ತಿಂಗಳುಗಟ್ಟಲೆ ಎಲೆ ತಿಂದವನಿಗೆ ಈ ಒಂದು ಸಂಗತಿ ತಿಳಿದಿರಲಿಲ್ಲ! ಕರಾವಳಿಯಲ್ಲಿ ತೊಟ್ಟಿಲ ಮಕ್ಕಳಿಗೂ ಗೊತ್ತಿರುವ ಸಂಗತಿ. ಕೆಂಪನ್ನು ತರುವುದು ಎಲೆಯಲ್ಲ, ಅಡಿಕೆಯಲ್ಲ, ಸುಣ್ಣ. ಪರದೆ ಎಂದು ನಾನು ಹಿಡಿದುಕೊಂಡಿದ್ದರಲ್ಲಿ ಬಟ್ಟೆಯೇ ಇರಲಿಲ್ಲ.

"ಮತ್ತ್ ನಂಗ್ಯಾಕ್ ಹೇಳ್ಲಿಲ್ಲ ಅಮ್ಮ?" ಒಳಬಾಗಿಲಲ್ಲಿ ನಿಂತು ವನಜ ಕೇಳಿದಳು.

"ಉಷ್ಣಕ್ಕೆ ರಕ್ತ ಬಂತ್ ಅಂದ್ಕಂಡೆ," ಎಂದರು ಅತ್ತೆ. ಸ್ವಲ್ಪ ಹೊತ್ತು ಕುಟ್ಟಿದರು. "ಕೂಕಂಬುಕೆ ಒಂದ್ ಜನ ಆಯಿತ್ತಲೆ."

ಎದುರು ಕೂರಲು ಒಬ್ಬರಾಯಿತಲ್ಲ ಎಂಬ ಈ ಮಾತು ನಿಜಕ್ಕೂ ಅವರು ಹೇಳಿದ್ದೋ, ನಾನು ಆಮೇಲೆ ಸೇರಿಸಿದ್ದೋ ಎಂದು ಈಗ ಅನುಮಾನ. ವನಜಳನ್ನು ಕೇಳಿ ನೋಡಿದೆ. ಅಂದು ಇಬ್ಬರ ಮಾತನ್ನೂ ನಂಬುವ ಸ್ಥಿತಿಯಲ್ಲಿ ತಾನಿರಲಿಲ್ಲ ಎಂದಳು.

ಅಂಗಡಿಯ ಕತ್ತರಿಗೆ ವನಜ ಹಗ್ಗ ಕಟ್ಟಿ ಮೇಜಿನ ಕಾಲಿಗೆ ಬಿಗಿದಿದ್ದಾಳೆ. ಮಧ್ಯಾಹ್ನ ನಾನು ಬರಿಬಾಯಿಯಲ್ಲಿ ಅತ್ತೆಯ ಎದುರು ಕಾಲು ಗಂಟೆ ಕೂರುತ್ತೇನೆ. ದಿನಕ್ಕೆರಡು ಸಲ, ಎಡಗಡೆಯನ್ನೂ ಸೇರಿಸಿ, ಹಲ್ಲುಜ್ಜುತ್ತೇನೆ. ನಲವತ್ತೊಂಬತ್ತು ದಾಟಿತು. ದಾಟಿದ ದಿನ ಬೆಳಿಗ್ಗೆ ಉಗಿದು ನೋಡಿದರೆ ಬರೀ ಬಿಳಿ ನೊರೆ, ಒಂದು ಎಳೆ ಕೆಂಪಿಲ್ಲ. ಜಗತ್ತನ್ನು ಗೆದ್ದವನ ಗತ್ತಿನಲ್ಲಿ ವನಜಳನ್ನು ಕೂಗಿ ಕರೆದು ತೋರಿಸಿದೆ.

ಅವಳು ಸೆರಗು ಬಿಗಿದು, ಬಚ್ಚಲ ಕಲ್ಲಿನತ್ತ ಬಗ್ಗಿ ತುಂಬ ಹೊತ್ತು ನೋಡಿದಳು. ಆಮೇಲೆ ಅಷ್ಟೇ ಹೊತ್ತು ನನ್ನನ್ನು ನೋಡಿದಳು.

"ಬೆಳಿ ಇತ್ತ್," ಎಂದಳು. "ಈಗ ಎಂತ ಹುಗ್ಸಿ ಇಟ್ಟಿದ್ರಿ?"