ದೋಣಿಗೆ ನೀರು ಕುಡಿಸಿದ್ದು

ಮರದ ದೋಣಿಯದು ಒಂದು ವಿಚಿತ್ರ ಸ್ವಭಾವ. ನೀರಿಗಿಳಿಸುವ ಮುಂಚೆ ಅದಕ್ಕೆ ಹೊಟ್ಟೆತುಂಬ ನೀರು ಕುಡಿಸಬೇಕು. ಹಲಗೆ ಉಬ್ಬಿ ಸಂದುಗಳು ಮುಚ್ಚಿಕೊಂಡರೇನೇ ಅದು ತೇಲುವುದು. ಟಪಾಲು ಗುಮಾಸ್ತನಿಗೆ ಇದು ಗೊತ್ತಿತ್ತು, ಅಪಾರ್ಟ್‌ಮೆಂಟಿನ ಮಿಕ್ಕವರಿಗೆ ಗೊತ್ತಿರಲಿಲ್ಲ. ಎಡವಟ್ಟಾದದ್ದೇ ಅಲ್ಲಿ.

ಐದು ವರ್ಷದಿಂದ ಆತ ಟೆರೇಸಿನ ಮೇಲೆ ಆ ದೋಣಿ ಕಟ್ಟುತ್ತಿದ್ದ. ದಿನವಿಡೀ ಲಕೋಟೆಗಳಿಗೆ ಮೊಹರು ಗುದ್ದಿ ಜೋಮು ಹಿಡಿದ ಕೈಗೆ ಸಂಜೆ ಉಜ್ಜುಗೊರಡು ಸಿಕ್ಕರೆ ಜೀವ ಬರುತ್ತಿತ್ತು. ಸುರುಳಿ ಸುರುಳಿಯಾಗಿ ಬೀಳುವ ಮರದ ಸಿಪ್ಪೆ, ಬೆರಳಾಡಿಸಿದರೆ ಎಲ್ಲೂ ತಡೆಯದ ಹಲಗೆ. ಇದಕ್ಕಿಂತ ಸುಖ ಬೇರೆ ಉಂಟೇ? ಇನ್ನು ಉಳಿದದ್ದು ಒಂದೇ ಆಸೆ, ಅದರಲ್ಲಿ ಕೂತು ಒಮ್ಮೆ ಕೆರೆಯಲ್ಲಿ ತೇಲಬೇಕು. ಇವತ್ತು ಸಂಜೆ ನಾಲ್ಕಕ್ಕೆ ಗಾಡಿ ಗೊತ್ತುಮಾಡಿ, ನೇರ ಕೆರೆಗೆ ಒಯ್ದು ನೀರಿಗೆ ಬಿಡಬೇಕೆಂದು ಗಾಡಿಯವನಿಗೆ ಹೇಳಿಟ್ಟಿದ್ದ.

ಬೆಳಿಗ್ಗೆ ಐದಕ್ಕೇ ಎದ್ದು, ಟೆರೇಸಿನ ಟ್ಯಾಂಕಿಗೆ ಪೈಪು ಸಿಕ್ಕಿಸಿ ದೋಣಿ ತುಂಬಿಸಿದ. ಟ್ಯಾಂಕು ಬರಿದಾಯಿತು. ಮತ್ತೆ ತುಂಬಿದರಾಯಿತೆಂದು ಮೋಟರ್ ಹಾಕಿದ. ಅದು ಒಮ್ಮೆ ಗೊರಕೆ ಹೊಡೆದು ಸುಟ್ಟುಹೋಯಿತು. ಗ್ರಹಚಾರ ಕೆಟ್ಟರೆ ಹಗ್ಗವೂ ಹಾವಾಗುತ್ತದಂತೆ.

ಎಂಟು ಗಂಟೆಗೆ ಸಂಘದ ಕಾರ್ಯದರ್ಶಿ ಮುಖದ ಸೋಪಿನ ಸಮೇತ ಮೇಲೆ ಬಂದ. ಹಿಂದೆ ಮೂರನೇ ಮಹಡಿಯ ಅಜ್ಜಿ, ಅಜ್ಜಿಯ ಹಿಂದೆ ಬಕೆಟುಗಳ ಸಾಲು.

"ಇದೇನ್ರೀ ಇದು?"

"ದೋಣಿ ಸಾರ್. ನೀರು ಕುಡೀತಾ ಇದೆ."

"ಅದು ಕುಡಿಯೋದಕ್ಕೆ ನಾವು ಬಾಯಾರಿ ಸಾಯ್ಬೇಕಾ? ಟ್ಯಾಂಕಲ್ಲಿ ನೀರಿಲ್ಲ, ದೋಣೀಲಿದೆ. ಅಂದ್ಮೇಲೆ ಇವತ್ತಿಂದ ಇದೇ ಟ್ಯಾಂಕು."

ಅಜ್ಜಿ ಬೊಗಸೆಯಲ್ಲಿ ಕುಡಿದು ನೋಡಿದರು. ಆಮೇಲೆ ತಳಕ್ಕೆ ಕೈಯಾಡಿಸಿದರು. "ಒಂದು ಹನೀನೂ ಸೋರಿಲ್ಲ ಕಣಪ್ಪ. ಆ ಟ್ಯಾಂಕಿನ ನೀರು ಬರೀ ಪ್ಲಾಸ್ಟಿಕ್ ವಾಸನೆ. ಇದು ಘಮ್ ಅಂತಿದೆ."

ಐದು ವರ್ಷದಲ್ಲಿ ಯಾರೂ ಆಡದ ಮೆಚ್ಚುಗೆಯ ಮಾತು. ಗುಮಾಸ್ತ ಒಂದು ಗಳಿಗೆ ಉಬ್ಬಿಹೋದ. ಅಷ್ಟರಲ್ಲಿ ಮೊದಲ ಬಕೆಟ್ ದೋಣಿಗೆ ಇಳಿದಿತ್ತು.

"ಕೊನೆಗೂ ಮನೆಗಾಗೋ ಒಂದು ವಸ್ತು ಮಾಡಿದ್ರಿ," ಎಂದು ಹೆಂಡತಿಯೂ ಕೊಡ ಹಿಡಿದು ಸಾಲಿನಲ್ಲಿ ನಿಂತಳು.

"ಸಂಜೆ ಕೆರೆಗೆ ತಗೊಂಡು ಹೋಗ್ಬೇಕಲ್ಲೇ..."

"ಇಲ್ಲಿ ಇಷ್ಟು ನೀರಿರೋವಾಗ ಕೆರೆ ಯಾಕ್ರೀ?"

ಮಧ್ಯಾಹ್ನ ಟೆರೇಸಿನಲ್ಲಿ ಯಾರೂ ಇಲ್ಲದ್ದು ನೋಡಿ ಗುಮಾಸ್ತ ಬೈರಿಗೆ ಎತ್ತಿಕೊಂಡ. ತಳದ ಹತ್ತಿರ ಒಂದು ತೂತು ಕೊರೆದರೆ ಉಳಿದ ನೀರೆಲ್ಲ ಹರಿದುಹೋಗುತ್ತದೆ. ಸೋರುವ ಟ್ಯಾಂಕು ಯಾರಿಗೆ ಬೇಕು? ಆಮೇಲೆ ತಾನೊಂದು ಬಿರಡೆ ಜಡಿದರೆ ದೋಣಿ ಮತ್ತೆ ದೋಣಿಯೇ. ಕಣ್ಣು ಮುಚ್ಚಿ ಕೊರೆದ. ನೀರು ಚಿಮ್ಮಿತು.

ಆಗಲೇ ಮೆಟ್ಟಿಲು ಹತ್ತಿ ಕಾರ್ಯದರ್ಶಿ ಬಂದ, ಜೊತೆಗೆ ಪ್ಲಂಬರ್.

"ಸೋರ್ತಾ ಇದೆ ಸಾರ್," ಗುಮಾಸ್ತ ಮುಖ ಬಾಡಿಸಿಕೊಂಡ. "ಟ್ಯಾಂಕಿಗೆ ಲಾಯಕ್ಕಿಲ್ಲ ಇದು."

ಪ್ಲಂಬರ್ ತೂತಿಗೆ ಹೆಬ್ಬೆರಳು ಒತ್ತಿದ. ಇನ್ನೊಂದು ಕೈಯಲ್ಲಿ ಚೀಲದಿಂದ ನಲ್ಲಿ ತೆಗೆದು ತಿರುಗಿಸಿ ಕೂರಿಸಿದ. "ಮುಕ್ಕಾಲಿಂಚು. ಅಳತೆ ಹಿಡಿದು ಹೊಡೆದ ಹಾಗಿದೆ. ನನ್ನ ಅರ್ಧ ಕೆಲಸ ನೀವೇ ಮುಗಿಸಿಬಿಟ್ಟಿದ್ದೀರಿ."

ಕಾರ್ಯದರ್ಶಿ ಗುಮಾಸ್ತನನ್ನು ತಬ್ಬಿಕೊಂಡ. "ನಿಮ್ಮನ್ನ ತಪ್ಪು ತಿಳ್ಕೊಂಡಿದ್ದೆ ಕಣ್ರೀ."

ನಾಲ್ಕಕ್ಕೆ ಗಾಡಿ ಬಂತು. ಬಂದ ಗಾಡಿ ಖಾಲಿ ಹೋಗಬಾರದೆಂದು ಕಾರ್ಯದರ್ಶಿ ಹಳೆಯ ಟ್ಯಾಂಕನ್ನು ಬಿಚ್ಚಿಸಿ, ಮುಚ್ಚಳ ಬಿಗಿದು, ಹೇರಿಸಿ ಕಳಿಸಿದ. ಗುಮಾಸ್ತ ತಲೆಯ ಮೇಲೆ ಕೈಹೊತ್ತು ನಲ್ಲಿಯ ಪಕ್ಕದಲ್ಲಿ ಕೂತಿದ್ದ.

ಆರಕ್ಕೆ ಗಾಡಿಯವನ ಫೋನು ಬಂತು.

"ಸಾರ್, ನೀವು ಹೇಳಿದ ಹಾಗೇ ಕೆರೆಗೆ ಬಿಟ್ಟೆ. ಎಷ್ಟು ಚೆನ್ನಾಗಿ ತೇಲುತ್ತೆ ಅಂತೀರಿ! ಆಸೆ ತಡೀಲಾರದೆ ನಾನೂ ಮೇಲೆ ಹತ್ತಿ ಆ ದಡ ಮುಟ್ಟಿ ಬಂದೆ. ಇಷ್ಟು ಒಳ್ಳೇ ದೋಣಿ ಕಟ್ಟೋದನ್ನ ಎಲ್ಲಿ ಕಲಿತ್ರಿ ಸಾರ್?"