ಮಗ್ಗಕ್ಕೆ ಎಸಿ ಹಾಕಿಸಿದ ಮಹಾಶಯ

ಒಂದೇ ಕಟ್ಟಡದಲ್ಲಿ ಉದ್ಯೋಗವನ್ನೂ ದಾಂಪತ್ಯವನ್ನೂ ಇಟ್ಟುಕೊಂಡವನ ಪಾಡು ಯಾರಿಗೂ ಬೇಡ. ಬನಹಟ್ಟಿಯ ನಮ್ಮ ಕಟ್ಟಡದಲ್ಲಿ ಕೆಳಗೆ ನಾಲ್ಕು ವಿದ್ಯುತ್ ಮಗ್ಗ, ಮೇಲೆ ಮನೆ. ಏಪ್ರಿಲ್ ಬಂತೆಂದರೆ ಮಗ್ಗದ ಕಾವು ಮೇಲೇರುತ್ತದೆ, ಮಾಳಿಗೆಯ ಕಾವು ಕೆಳಗಿಳಿಯುತ್ತದೆ. ನಡುವೆ ನಾನು, ನನ್ನ ಹೆಂಡತಿ ಅಂಜನಾ, ತವೆಯ ಮೇಲಿನ ರೊಟ್ಟಿಗಳು. (ಎರಡೂ ಕಡೆ ಬೇಯುತ್ತೇವೆ.)

ವಾರಪತ್ರಿಕೆಯಲ್ಲಿ ‘ನೇಕಾರನ ಬೆವರಿಗೆ ಬೆಲೆಯಿಲ್ಲವೇ?’ ಎಂದು ಗುಡುಗುವ ಅಂಕಣಕಾರ ನಾನು. ನಮ್ಮದೇ ಮಗ್ಗದ ನೇಕಾರ ನಾಮದೇವ ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿದ್ದು ಕಂಡು ಆತ್ಮಸಾಕ್ಷಿ ಚುಚ್ಚಿತು. ಎಸಿ ಮನೆಗಲ್ಲ, ಮಗ್ಗದ ಕೋಣೆಗೇ ಎಂದು ಘೋಷಿಸಿದೆ. ಕೆಳಗಿನ ಸೂರು ತಣ್ಣಗಾದರೆ ಅದೇ ತಾನೇ ನಮ್ಮ ನೆಲ? ಒಂದೇ ಯಂತ್ರದಲ್ಲಿ ಕಾರ್ಮಿಕಕಲ್ಯಾಣ, ಗೃಹಕಲ್ಯಾಣ!

“ನಾಮದೇವಣ್ಣನ್ನ ಒಂದ್ ಮಾತ್ ಕೇಳ್ರಿ,” ಎಂದಳು ಅಂಜನಾ.

“ತಂಪ್ ಬೇಕೇನಂತ ಯಾರರ ಕೇಳ್ತಾರೇನ? ಕೊಟ್ಟ ಬಿಡ್ಬೇಕು!”

ಎಸಿ ಬಂತು. ಕಿಟಕಿಗಳೆಲ್ಲ ಭದ್ರವಾಗಿ ಮುಚ್ಚಿದವು. ಮೂರನೇ ದಿನ ನಾಮದೇವ ಮೇಲೆ ಬಂದ. ಕೈಯಲ್ಲಿ ಹರಿದ ನೂಲಿನ ಉಂಡೆ.

“ಸಾವಕಾರ್ರ, ನಾ ಬ್ಯಾರೆ ಕಡೆ ಕೆಲಸಾ ನೋಡ್ಕೋತೇನ್ರಿ.”

“ಯಾಕೋ? ಥಂಡಿ ಜಾಸ್ತಿ ಆತೇನ?”

“ನನಗ ಛಲೋ ಆಗೇತ್ರಿ, ನೂಲಿಗೆ ಆಗವಲ್ದು. ನಿಮ್ ಮಷಿನ್ ಗಾಳ್ಯಾಗಿನ ತೇವಾ ಎಲ್ಲಾ ಹೀರಾಕತ್ತೇತಿ. ಒಣಗಿದ ಎಳಿ ಪಟಾಪಟಾ ಹರ್ಯಾಕತ್ತಾವ. ಸೀರಿ ನೇದ್ರ ಪಗಾರ್ರೀ, ದಿನಾ ಪೂರ್ತಿ ಗಂಟ್ ಹಾಕ್ಕೋತ ಕುಂತ್ರ ಮನ್ಯಾಗ ಏನ್ ತಿನ್ನೂಣು?”

ಶೋಷಣೆಯ ವಿರುದ್ಧ ವಾರವಾರವೂ ಬೆಂಕಿ ಕಾರಿದವನು, ಎಸಿ ಹಚ್ಚಿ ಒಬ್ಬ ನೇಕಾರನ ಹೊಟ್ಟೆಯ ಮೇಲೆ ಹೊಡೆದಿದ್ದೆ. “ತಪ್ಪು ನಂದ,” ಎಂದು ಒಪ್ಪಿಕೊಂಡೆ. (ಅಂಜನಾ ಇದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದಾಳೆ.)

“ನಾಮದೇವಣ್ಣಾ, ಇವ್ರನ್ ಬಿಡ್ರಿ. ಏನ್ ಮಾಡೂಣು, ನೀವ ಹೇಳ್ರಿ,” ಎಂದಳು.

“ವೈನಿ, ಕಿಟಕಿ ತಗದು ಹಸೀ ಗೋಣಿತಟ್ಟ ಕಟ್ಟೂಣ್ರಿ. ಎದುರಿನ ಗ್ವಾಡಿಗೆ ಕಾವು ಹೊರಗ ಎಳಿಯೂ ಫ್ಯಾನ್ ಹಾಕೂಣು. ಮಾಳಗಿಗೆ ಸುಣ್ಣಾ ಬಳದ್ರ ನಿಮಗೂ ತಂಪು.”

ಹಾಗೇ ಮಾಡಿದೆವು. ಎಸಿ ಮುಧೋಳದ ಔಷಧಿ ಅಂಗಡಿಗೆ ಮಾರಾಟವಾಗಿ ಹೋಯಿತು. ಅಲ್ಲಿ ಒಣ ತಂಪೇ ಬೇಕಂತೆ. ಇಲ್ಲಿ ಎಳೆ ಹರಿಯದೆ ನಿಂತಿತು, ನಾಮದೇವನೂ ಕೆಲಸ ಬಿಡದೆ ನಿಂತ, ಮೇಲೆ ನಮಗೆ ನಿದ್ದೆ ಹತ್ತಿತು. ನಿಜಕ್ಕೂ ಕಣ್ಣು ತುಂಬಿ, “ನಿನ್ನ ಉಪಕಾರಾ ಹೆಂಗ್ ತೀರಸ್ಲಿ ನಾಮದೇವಾ?” ಎಂದೆ. ಅವನು ಬಹಳ ಸಂಕೋಚದಿಂದ ಬಕೆಟ್ಟಿನ ಕಡೆ ಕೈ ತೋರಿಸಿದ.

ತಾಸಿಗೊಮ್ಮೆ ಗೋಣಿತಟ್ಟಿಗೆ ನೀರು ಚಿಮುಕಿಸುವ ಘನ ಹುದ್ದೆಯಲ್ಲಿ ಈಗ ನಾನಿದ್ದೇನೆ. ಇದನ್ನು ಬರೆಯುವಾಗಲೂ ಕೆಳಗಿಂದ ಕೂಗು: “ಸಾವಕಾರ್ರ, ಹಿತ್ತಲ ಕಡೀ ಕಿಟಕಿ ಒಣಗೇತ್ರಿ!”

“ಇದೊಂದ್ ಸಾಲು...” ಎಂದೆ.

ಅಂಜನಾ ಪೆನ್ನು ಕಸಿದುಕೊಂಡಳು. “ಸಮಾಜಾ ಆಮ್ಯಾಲ ತಿದ್ದೀರಂತ. ಮೊದಲ ಬಕೆಟ್ ತುಂಬ್ಸಿ ಹೋಗ್ರಿ!”